ಆಟೀನಿನ ಮೂರು

ಸೆಮಿಫೈನಲ್ಲಿನ ಕೊನೆಯ ಎಲೆ ಬೀಳುವುದಕ್ಕೂ ಹಳದಿ ದೀಪ ಹತ್ತುವುದಕ್ಕೂ ಸರಿಹೋಯಿತು. ಮೇಜಿನ ನಡುವೆ ಅಂಗೈ ಅಗಲದ ಒಂದು ಕಪ್ಪು ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಮೂರು ದೀಪ. ಹಸಿರು ಹತ್ತಿದರೆ ನೀವು ಸಜ್ಜನರು, ಹಳದಿ ಹತ್ತಿದರೆ ಸಂಶಯಿತರು, ಕೆಂಪು ಹತ್ತಿದರೆ ಕಳ್ಳರು. 2051ರ ಹೊತ್ತಿಗೆ ಈ ಪೆಟ್ಟಿಗೆಯಿಲ್ಲದೆ ರಾಜ್ಯದಲ್ಲಿ ಯಾವ ಬ್ರಿಜ್ ಪಂದ್ಯವೂ ನಡೆಯುತ್ತಿರಲಿಲ್ಲ. ಅದರ ಹೆಸರು ಶೀಲಮಾಪಕ. ಥೂ, ಹೆಸರಾದರೂ ನೋಡಿ! ಮನುಷ್ಯನ ಶೀಲವನ್ನು ಅಕ್ಕಿ ಬೇಳೆಯ ಹಾಗೆ ಅಳೆಯಲು ಹೊರಟವರಿಗೆ ಆ ಹೆಸರಿಡುವಾಗ ನಾಲಿಗೆಯಾದರೂ ತಡವರಿಸಬೇಕಿತ್ತು.

ಹುಬ್ಬಳ್ಳಿಯ ಕ್ಲಬ್ಬಿನಲ್ಲಿ ಅಂದು ಹಳದಿ ಹತ್ತಿದ್ದು ನೀಲಕಂಠ ಬೆಳ್ಳಿಕಟ್ಟಿ ಮತ್ತು ಯಮುನಾ ಕಾತರಕಿ ಜೋಡಿಗೆ. ನೀಲಕಂಠರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಯಮುನಾಬಾಯಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಇಪ್ಪತ್ತೇಳು ವರ್ಷಗಳಿಂದ ಎದುರುಬದುರು ಕೂತು ಆಡಿದ್ದರು. ಮೇಜು ಬಿಟ್ಟೆದ್ದರೆ ಇಬ್ಬರ ನಡುವೆ ಮಾತೇ ಇಲ್ಲವೆನ್ನುವಷ್ಟು ಕಡಿಮೆ.

ಬ್ರಿಜ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ವರು ಕೂತು ಆಡುವ ಇಸ್ಪೀಟಾಟ, ಎದುರು ಕೂತವರು ಜೋಡಿ. ಜೋಡಿದಾರರು ಪರಸ್ಪರ ಒಂದು ಮಾತೂ ಆಡುವಂತಿಲ್ಲ, ಕಣ್ಣು ಹೊಡೆಯುವಂತಿಲ್ಲ, ನಿಟ್ಟುಸಿರು ಬಿಡುವಂತಿಲ್ಲ. ಹೇಳುವುದನ್ನೆಲ್ಲ ಬಿಡ್ಡಿನಲ್ಲಿ, ಅಂದರೆ ಎಲೆ ಇಳಿಸುವ ಮುಂಚೆ ಕೂಗುವ ಸವಾಲಿನಲ್ಲಿ, ಇಲ್ಲವೆ ಹಾಕುವ ಎಲೆಯಲ್ಲಿ ಹೇಳಬೇಕು, ಮತ್ತು ಅದರ ಅರ್ಥ ಎದುರಾಳಿಗಳಿಗೂ ಗೊತ್ತಿರಬೇಕು. ಆದರೂ ಕೆಮ್ಮಿ, ಪೆನ್ನು ತಿರುಗಿಸಿ ಗುಟ್ಟು ದಾಟಿಸುವ ಲಫಂಗರು ಎಲ್ಲ ಕಾಲಕ್ಕೂ ಇದ್ದರು. ಅಂಥವರನ್ನು ಹಿಡಿಯಲೆಂದೇ ಡಾ. ಪ್ರಹ್ಲಾದ ಇನಾಮತಿ ಎಂಬ ಸಂಖ್ಯಾಶಾಸ್ತ್ರಜ್ಞರು ಶೀಲಮಾಪಕವನ್ನು ಕಟ್ಟಿದ್ದರು.

ಅದರ ತತ್ತ್ವ ಸರಳ. ಯಂತ್ರಕ್ಕೆ ಐವತ್ತೆರಡು ಎಲೆಗಳೂ ಕಾಣುತ್ತವೆ. ಆಟಗಾರನಿಗೆ ಕಾಣುವುದು ತನ್ನ ಹದಿಮೂರು ಮತ್ತು ಆಟದ ನಿಯಮದಂತೆ ಒಬ್ಬರು ಮೇಜಿನ ಮೇಲೆ ತೆರೆದಿಟ್ಟ ಹದಿಮೂರು, ಉಳಿದದ್ದನ್ನು ಊಹಿಸಬೇಕು. ಊಹಿಸುವವನು ಆಗಾಗ ತಪ್ಪಲೇಬೇಕು. ಎಂಟು ಲಕ್ಷ ಆಟಗಳನ್ನು ಉಣಿಸಿ ಇನಾಮತಿಯವರು ಯಂತ್ರಕ್ಕೆ ‘ಸಹಜ ದೋಷಾಂಕ’ವೆಂಬ ಅಳತೆಯನ್ನು ಕಲಿಸಿದ್ದರು. ಒಳ್ಳೆಯ ಆಟಗಾರ ಮೂವತ್ತೆರಡು ಆಟಗಳಲ್ಲಿ ಇಷ್ಟು ಸಲ ತಪ್ಪುತ್ತಾನೆ. ಅದಕ್ಕಿಂತ ತೀರ ಕಡಿಮೆ ತಪ್ಪಿದರೆ ಅವನಿಗೆ ಎಲ್ಲಿಂದಲೋ ಸುದ್ದಿ ಬರುತ್ತಿದೆ ಎಂದರ್ಥ. ಲೆಕ್ಕ ಚೆನ್ನಾಗಿದೆ. ಆದರೆ ನಿಜವಾದ ಕಳ್ಳರು ಆರೇ ತಿಂಗಳಲ್ಲಿ ಅದಕ್ಕೆ ಮದ್ದು ಕಂಡುಕೊಂಡರು. ಸೋಲು ಗೆಲುವಿಗೆ ಸಂಬಂಧವಿಲ್ಲದ ಆಟದಲ್ಲಿ ಬೇಕೆಂದೇ ಒಂದು ಎಲೆ ಕೆಡಿಸಿದರಾಯಿತು, ದೀಪ ಹಸಿರು. ಅದನ್ನು ಹೇಳಿಕೊಡುವ ಮೇಷ್ಟ್ರುಗಳೂ ಹುಟ್ಟಿಕೊಂಡರು. ಕಳ್ಳರು ಹಸಿರು ಬೆಳಕಿನಲ್ಲಿ ಹಲ್ಲು ಕಿರಿಯುತ್ತ ಕೂತರು, ಹಳದಿ ಬಂದದ್ದು ಈ ಇಬ್ಬರಿಗೆ. ಹೇಸಿಗೆ ಎನ್ನದೆ ಇದಕ್ಕೆ ಬೇರೆ ಏನನ್ನಬೇಕು?

ಮರುದಿನ ಫೈನಲ್. ಅದರಲ್ಲಿಯೂ ಹಳದಿಯೇ ಉಳಿದರೆ ಇಬ್ಬರ ಹೆಸರನ್ನೂ ಸಂಶಯಿತರ ಪಟ್ಟಿಯಲ್ಲಿ ಅಚ್ಚುಹಾಕಿ ಪ್ರತಿ ಕ್ಲಬ್ಬಿನ ಬಾಗಿಲಿಗೆ ಅಂಟಿಸುತ್ತಾರೆ. ಅರವತ್ತೆಂಟು ವರ್ಷದ ನೀಲಕಂಠರಿಗೆ ಇದ್ದ ಆಸ್ತಿ ಆ ಹೆಸರೊಂದೇ. ಸಂಜೆಯ ಹೊತ್ತಿಗಾಗಲೇ ಕ್ಲಬ್ಬಿನಲ್ಲಿ ಗುಸುಗುಸು ಹಬ್ಬಿತು. ಇಪ್ಪತ್ತು ವರ್ಷ ಇವರ ಜೊತೆ ಕೂತು ಚಹಾ ಕುಡಿದವರೇ, ಯಮುನಾಬಾಯಿಯ ಬಳೆಯ ಸದ್ದಿನಲ್ಲಿ ಏನೋ ಇದೆಯಂತೆ ಎಂದರು. ಕಮಿಟಿಯವರು ಬಂದು, ನಾಳೆ ಬಳೆ ತೆಗೆದಿಟ್ಟು ಆಡಬೇಕೆಂದು ತಿಳಿಸಿದರು. ಗಂಡ ಮನೆಯಲ್ಲಿ ಗುಂಡುಕಲ್ಲಿನ ಹಾಗಿರುವಾಗ ಆ ಹೆಣ್ಣುಮಗಳು ಮರುದಿನ ಬರಿಗೈಯಲ್ಲಿ ಕ್ಲಬ್ಬಿನ ಮೆಟ್ಟಿಲು ಹತ್ತಬೇಕಾಯಿತು. ನೋಡಿದವರಲ್ಲಿ ಒಬ್ಬನೂ ತಲೆ ತಗ್ಗಿಸಲಿಲ್ಲ.

ಆಟಕ್ಕೆ ಮುಂಚೆ ಇನಾಮತಿಯವರು ಚಹಾದ ಕೋಣೆಗೆ ಬಂದು ಇವರ ಎದುರಿಗೆ ಕೂತರು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

“ಯಂತ್ರಕ್ಕ ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಸರ,” ಎಂದರು. “ನೀವು ಭಾಳ ಚೊಲೊ ಆಡ್ತೀರಿ, ಅದ ತೊಂದರಿ ಆಗೇದ.”

ಇಪ್ಪತ್ತೇಳು ವರ್ಷ ಒಬ್ಬರ ಎಲೆಯನ್ನು ಇನ್ನೊಬ್ಬರು ನಂಬಿ ಆಡಿದರೆ ಊಹೆ ತಪ್ಪುವುದು ಕಡಿಮೆಯಾಗುವುದಿಲ್ಲವೇ ಎಂದು ನೀಲಕಂಠರು ಕೇಳಿದರು. ನಂಬಿಕೆಯನ್ನು ಅಂಕಿಯಲ್ಲಿ ಹಿಡಿಯುವ ವಿಧಾನ ಇನ್ನೂ ಸಿಕ್ಕಿಲ್ಲ, ಆದ್ದರಿಂದ ಅದನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಎಂದು ಇನಾಮತಿ ಒಪ್ಪಿಕೊಂಡರು. ಆಮೇಲೆ ದನಿ ತಗ್ಗಿಸಿದರು.

“ಇವತ್ತ ಒಂದೆರಡು ತಪ್ಪು ಮಾಡಿಬಿಡ್ರಿ. ಸಣ್ಣವು. ದೀಪ ತಾನ ಹಸರ ಆಗ್ತದ.”

ನೀಲಕಂಠರ ಮುಖ ಕೆಂಪೇರಿತು. “ಮೂವತ್ತೈದು ವರ್ಷ ಸಿಗ್ನಲ್ ನೋಡಿದಾವ ನಾನು. ಹಸರ ದೀಪ ಹತ್ತಲಿ ಅಂತ ಗಾಡಿ ಹಳಿ ತಪ್ಪಸಾಕ ಬರ್ತದೇನ್ರಿ?” ಎಂದು ಎದ್ದುಬಿಟ್ಟರು. ಯಮುನಾಬಾಯಿ ಬರಿದಾದ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡು ಚಹಾ ಮುಗಿಸಿದರು.

ಫೈನಲ್ಲಿನ ಮೂವತ್ತು ಆಟ ಮುಗಿಯುವಷ್ಟರಲ್ಲಿ ಇವರು ಅಂಕದಲ್ಲಿ ಬಹಳ ಮುಂದಿದ್ದರು. ಒಂದು ಆಟ ಕೈತಪ್ಪಿದರೂ ಗೆಲುವು ಇವರದೇ. ದೀಪ ಮಾತ್ರ ಹಳದಿ. ಮೂವತ್ತೊಂದನೆಯ ಆಟದಲ್ಲಿ ಎದುರಾಳಿಗಳು ಇಸ್ಪೀಟನ್ನು ತುರುಫು, ಅಂದರೆ ಉಳಿದ ರಂಗುಗಳನ್ನೆಲ್ಲ ಹೊಡೆಯುವ ರಂಗು ಮಾಡಿ, ನಾಲ್ಕು ಎಲೆಯ ಸುತ್ತಿಗೊಂದರಂತೆ ಬರುವ ಹದಿಮೂರು ಟ್ರಿಕ್ಕುಗಳಲ್ಲಿ ಹತ್ತು ಗೆಲ್ಲುತ್ತೇವೆಂದು ಬಿಡ್ ಹೇಳಿದರು. ಅವರನ್ನು ಸೋಲಿಸಲು ಇವರಿಗೆ ನಾಲ್ಕು ಟ್ರಿಕ್ ಬೇಕು. ನೀಲಕಂಠರು ಆಟೀನಿನ, ಅಂದರೆ ಕೆಂಪು ಹೃದಯದ ರಂಗಿನ, ಎಕ್ಕ ಹಾಕಿದರು. ಆಟೀನಿನ ರಾಜನೂ ಡೈಮನ್ನಿನ ಎಕ್ಕವೂ ಅವರ ಕೈಯಲ್ಲೇ ಇದ್ದವು.

ಇಲ್ಲಿ ಜೋಡಿದಾರರು ಎಲ್ಲರಿಗೂ ತಿಳಿದ ಒಂದು ಸಂಕೇತ ಕೊಡಬೇಕು. ದೊಡ್ಡ ಎಲೆ ಹಾಕಿದರೆ ‘ಇದನ್ನೇ ಮುಂದುವರಿಸಿ’, ಚಿಕ್ಕದು ಹಾಕಿದರೆ ‘ನಿಲ್ಲಿಸಿ’. ಯಮುನಾಬಾಯಿಯ ಬಳಿ ಆಟೀನು ಇದ್ದದ್ದು ಎರಡೇ, ಒಂಬತ್ತು ಮತ್ತು ಮೂರು. ಒಂಬತ್ತು ಹಾಕಿದರೆ ನೀಲಕಂಠರು ರಾಜನನ್ನು ಹಾಕಿ ಮೂರನೆಯ ಸಲವೂ ಆಟೀನು ಕೊಡುತ್ತಾರೆ, ಆಗ ಆಟೀನು ಮುಗಿದಿರುವ ಯಮುನಾಬಾಯಿ ಒಂದು ಸಣ್ಣ ತುರುಫಿನಿಂದ ಹೊಡೆದು ಟ್ರಿಕ್ ಗೆಲ್ಲಬಹುದು. ಡೈಮನ್ ಎಕ್ಕ ಸೇರಿ ನಾಲ್ಕು. ನಿನ್ನೆ ಮೊನ್ನೆ ಆಟ ಕಲಿತವರಿಗೂ ಗೊತ್ತಿರುವ ಪಾಠ ಇದು.

ಯಮುನಾಬಾಯಿ ಮೂರು ಹಾಕಿದರು.

ನೀಲಕಂಠರು ಆ ಮೂರನ್ನು ನೋಡಿದರು, ನಂಬಿದರು, ಬೇರೆ ಎಲೆಗೆ ಹೋದರು. ಎದುರಾಳಿ ಸಿಕ್ಕಿದ್ದೇ ಅವಕಾಶವೆಂದು ತುರುಫನ್ನೆಲ್ಲ ಎಳೆದುಹಾಕಿ ಹತ್ತು ಟ್ರಿಕ್ ಪೂರೈಸಿದ. ನಡುವೆ ಆಟೀನು ಎರಡನೆಯ ಸಲ ಬಂದಾಗ ಯಮುನಾಬಾಯಿಯ ಕೈಯಿಂದ ಒಂಬತ್ತು ಬಿತ್ತು. ನೀಲಕಂಠರು ತಲೆಯೆತ್ತಿ ಅವರನ್ನು ನೋಡಿದರು. ಅವರು ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು, ಜನ ಚಪ್ಪಾಳೆ ತಟ್ಟಿದರು.

ಇಬ್ಬರೂ ಗೆದ್ದರು, ರಾಜ್ಯ ಪಂದ್ಯಕ್ಕೂ ಆಯ್ಕೆಯಾದರು. ಗುಸುಗುಸು ಮಾಡಿದವರೇ ಪೇಡೆ ಹಂಚಿದರು. ಆ ಪೇಡೆ ಅವರ ಗಂಟಲಲ್ಲಿ ಹೇಗೆ ಇಳಿಯಿತೋ! ಜನ ಕರಗಿದ ಮೇಲೆ ವರಾಂಡದಲ್ಲಿ ನೀಲಕಂಠರು ಕೇಳಿದರು.

“ಮೂರು ಯಾಕ ಹಾಕಿದ್ರಿ, ಬಾಯಾರ?”

“ನಿಮ್ಮ ಹೆಸರು ಉಳೀಲಿ ಅಂತ. ನನ್ನದೂ.” ಮಣಿಕಟ್ಟು ಸವರಿಕೊಳ್ಳುತ್ತ ಮತ್ತೆ ಹೇಳಿದರು, “ಬಳಿ ತಗಸಿದ್ರು. ಇನ್ನೂ ಏನೇನ್ ತಗಸ್ತಿದ್ರೋ.”

ನೀಲಕಂಠರಿಗೆ ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ನೆಟ್ಟಗೆ ಇನಾಮತಿಯವರ ಬಳಿ ಹೋಗಿ, ಇವತ್ತು ಮೇಜಿನ ಮೇಲೆ ಒಂದು ಸುಳ್ಳು ಬಿದ್ದಿದೆ, ಮೂವತ್ತೊಂದನೆಯ ಆಟ ನೋಡಿ ಎಂದರು. ಇನಾಮತಿ ಪರದೆಯ ಮೇಲೆ ಅದನ್ನು ತೆರೆದರು. ಮೂರರ ಎದುರಿಗೆ ಯಂತ್ರ ‘ಸಹಜ ದೋಷ, ಪ್ರಾಮಾಣಿಕತೆಗೆ ಪುರಾವೆ’ ಎಂದು ಬರೆದಿತ್ತು.

“ಅದು ಬೇಕಂತನ ಹಾಕಿದ್ದು,” ಎಂದರು ನೀಲಕಂಠರು.

“ಯಂತ್ರಕ್ಕ ಮನಸು ಕಾಣಂಗಿಲ್ರಿ ಸರ. ಎಲಿ ಅಷ್ಟ ಕಾಣ್ತದ,” ಎಂದು ಇನಾಮತಿ ಸಮಾಧಾನ ಹೇಳಿದರು. ಗೆದ್ದಿದ್ದೀರಿ, ಹೆಸರೂ ಉಳಿಯಿತು, ಇನ್ನೇನು ಬೇಕು ಎಂದು ಬೆನ್ನು ತಟ್ಟಿ ಕಳಿಸಿದರು.

ರಾಜ್ಯ ಪಂದ್ಯ ನಡೆದದ್ದು ಮೈಸೂರಿನಲ್ಲಿ. ಅಲ್ಲಿ ಯಮುನಾಬಾಯಿ ಹಾಕಿದ ಒಂದೊಂದು ಎಲೆಯೂ ನಿಜವಾಗಿತ್ತು. ಆದರೆ ಅವರು ದೊಡ್ಡದು ಹಾಕಿದರೆ ನೀಲಕಂಠರಿಗೆ, ಇದು ನನಗೆ ಹೇಳಿದ್ದೋ ಪೆಟ್ಟಿಗೆಗೆ ಹೇಳಿದ್ದೋ ಎಂಬ ಅನುಮಾನ. ಚಿಕ್ಕದು ಹಾಕಿದರೂ ಅದೇ. ಮೊದಲು ಕಣ್ಣುಮುಚ್ಚಿ ಆಡುತ್ತಿದ್ದಲ್ಲಿ ಈಗ ಎರಡೆರಡು ನಿಮಿಷ ಯೋಚಿಸಿ ತಪ್ಪು ಎಲೆ ಹಾಕುತ್ತಿದ್ದರು. ತಪ್ಪಿದ್ದಕ್ಕೆ ನಾಚಿ ಹಿಡಿಯಾಗಿ, ಮುಂದಿನದರಲ್ಲಿ ಮತ್ತೆ ತಪ್ಪುತ್ತಿದ್ದರು. ಹನ್ನೊಂದು ಜೋಡಿಗಳಲ್ಲಿ ಒಂಬತ್ತನೆಯ ಸ್ಥಾನ ಸಿಕ್ಕಿತು. ಮೂರು ದಿನವೂ ಹಸಿರು ದೀಪ ಒಮ್ಮೆಯೂ ಆರಲಿಲ್ಲ. ಅಂಥ ಶುದ್ಧ ಹಸಿರನ್ನು ತಾವು ಕಂಡೇ ಇಲ್ಲವೆಂದು ಇನಾಮತಿ ವೇದಿಕೆಯ ಮೇಲೆ ಹೇಳಿ, ‘ಆದರ್ಶ ಜೋಡಿ’ ಎಂಬ ಪ್ರಶಸ್ತಿಪತ್ರ ಕೊಟ್ಟರು. ಇಬ್ಬರೂ ಅದರ ಎರಡು ತುದಿ ಹಿಡಿದು ಫೋಟೋಕ್ಕೆ ನಿಂತರು.

ಮರಳುವ ರೈಲು ಅರಸೀಕೆರೆಯಲ್ಲಿ ನಿಂತಾಗ ನೀಲಕಂಠರು ಕಿಟಕಿಯಿಂದ ಚಹಾದವನನ್ನು ಕರೆದರು. ಎದುರಿಗೆ ಕೂತ ಯಮುನಾಬಾಯಿಯನ್ನು, ನಿಮಗೊಂದು ತಗೊಳ್ಳಲೇನು ಎಂದು ಕೇಳಿದರು.

“ಬ್ಯಾಡ್ರಿ, ಈಗ ಒಲ್ಲೆ,” ಎಂದರು ಯಮುನಾಬಾಯಿ.

ನೀಲಕಂಠರು ಕೈಯಲ್ಲಿ ಒಂದು ಲೋಟ ಹಿಡಿದುಕೊಂಡು, ನಿಜಕ್ಕೂ ಬೇಡವೋ ಏನೋ ಎಂದು ಅವರ ಮುಖವನ್ನೇ ಬಹಳ ಹೊತ್ತು ನೋಡುತ್ತ ಕೂತರು.