ಊದಿದ ಬೆರಳಿನ ಕಾಲುಂಗುರ

"ಮೊದಲು ಕಾಲುಂಗುರ ತೆಗೀರಿ. ಅದಿದ್ರ ಡಾಕ್ಟರಮ್ಮ ಬ್ಲೇಡ್ ಮುಟ್ಟಂಗಿಲ್ಲ," ಎಂದ ಶ್ರೀನಾಥ.

ಕೂಡ್ಲಿಗಿಯ ಆ ಸಣ್ಣ ಆಸ್ಪತ್ರೆಯಲ್ಲಿ ಅವನು ಕಂಪೌಂಡರ್. ನನ್ನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು ಕೀವು ಕಟ್ಟಿದಾಗಿನಿಂದ ತೊಳೆದು ಪಟ್ಟಿ ಕಟ್ಟುತ್ತಿದ್ದವನು ಅವನೇ. ಒಂದು ದಿನವೂ ತಲೆ ಎತ್ತಿದವನಲ್ಲ.

"ನಿಮಗ ನನ್ನ ಕಾಲಿನ ಗುರುತೈತಿ, ಮಾರಿ ಗುರುತಿಲ್ಲ ನೋಡ್ರಿ," ಎಂದು ಒಮ್ಮೆ ಛೇಡಿಸಿದ್ದೆ.

"ಮಾರಿ ನೋಡಿದ್ರ ಪಟ್ಟಿ ಸೊಟ್ಟ ಆಗ್ತೈತ್ರಿ."

ಆ ಮಾತು ನೆನೆದು ನಮ್ಮೂರು ಗುಡೇಕೋಟೆ ಮುಟ್ಟುವತನಕ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಇವತ್ತು ನಗು ಬರಲಿಲ್ಲ. ಹೆಬ್ಬೆರಳಿನ ಜೊತೆ ಊದಿದ ಪಕ್ಕದ ಬೆರಳಿನಿಂದ ಕಾಲುಂಗುರ ಜಾರಲೊಲ್ಲದು. ಸೋಪು ಆಯಿತು, ಎಣ್ಣೆ ಆಯಿತು. "ಕತ್ತರಿಸಬೇಕು," ಎಂದರು ಡಾಕ್ಟರಮ್ಮ. "ಅದರ ಕೆಳಗೆ ಹೊಲಸು ಕೂತಿದೆ. ಉಗುರು ಕೊಯ್ದ ಗಾಯಕ್ಕೆ ಸೇರಿದರೆ ನಂಜಾಗಿ ಬೆರಳೇ ಹೋಗುತ್ತೆ."

"ಕತ್ತರಸಾಕ ನನ್ನ ಮಗ ಏನು ಸತ್ತಾನೇನ್ರಿ?" ಎಂದಳು ಜೊತೆಗೆ ಬಂದಿದ್ದ ಅತ್ತೆ ಪಕ್ಕೀರಮ್ಮ.

ಬದುಕಿದ್ದಾನೆ, ನಿಜ. ಹೊಸಪೇಟೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟುಕೊಂಡು, ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆ. ಊರಿಗೆಲ್ಲ ಫೋನು ಹಚ್ಚಿಕೊಡುವವನು ನನಗೊಮ್ಮೆಯೂ ಹಚ್ಚಲಿಲ್ಲ. ನಾನು ಗೂಟಕ್ಕೆ ಕಟ್ಟಿದ ದನದಂತೆ ಅವನ ಮನೆಯಲ್ಲೇ ಉಳಿದೆ. ಇತ್ತ ಗಂಡನಿಲ್ಲ, ಅತ್ತ ತವರಿಲ್ಲ. ಶ್ರೀನಾಥನನ್ನು ಕಂಡ ಮೇಲಂತೂ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು.

ಅವನು ಕುದಿಸಿದ ಇಕ್ಕಳ ಹಿಡಿದು ನಿಂತ. ಮೊದಲ ಸಲ ನನ್ನ ಮುಖ ನೋಡಿದ. ನೋಡಿದವನು ಕಣ್ಣು ಕೀಳಲಿಲ್ಲ.

"ಹೊನ್ನೂರಮ್ಮರ, ನೀವು ಹೂಂ ಅಂದ್ರಷ್ಟ ಕತ್ತರಸ್ತೀನಿ."

ಅತ್ತೆ ಅಳುತ್ತಿದ್ದಳು. ಮಗ ಬಂದೇ ಬರುತ್ತಾನೆಂದು ನಂಬಲು ಅವಳಿಗೆ ಉಳಿದದ್ದು ನನ್ನ ಕಾಲಿನ ಬೆಳ್ಳಿಯೊಂದೇ. ಪಾಪ ಅನ್ನಿಸಿತು. ಆದರೂ "ಹೂಂ" ಎಂದೆ.

ಕಟ್ ಎಂದಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹೊರಗೆ ನಡೆದಳು.

ಶ್ರೀನಾಥ ನನ್ನ ಪಾದವನ್ನು ಬೆರಳು ಸಂದಿ ಬಿಡದೆ ತೊಳೆದ. ಕಂದು ಔಷಧಿ ಬಳಿದು, ಹಬೆಯಲ್ಲಿ ಕಾಯಿಸಿದ ಬಟ್ಟೆ ಹಾಸಿ, ಗ್ಲೌಸ್ ಹಾಕಿಕೊಂಡ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ನಮ್ಮ ಮಂದ್ಯಾಗ ಗಂಡ ಬಿಟ್ಟಾಕಿಗೆ ಉಡಿಕಿ ಅಂತ ಎರಡನೇ ಮದುವಿ ಮಾಡ್ತಾರ್ರಿ. ನನಗ ನಿಮ್ಮ ಮ್ಯಾಲೆ ಮನಸ್ಸಾಗೈತಿ."

ಅವನು ಗ್ಲೌಸಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡ.

"ಶ್ರೀನಾಥ, ಕೈ ಕೆಡಿಸಿಕೊಂಡೆಯಲ್ಲಪ್ಪಾ. ತೊಳೆದು ಬೇರೆ ಗ್ಲೌಸ್ ಹಾಕ್ಕೋ," ಎಂದರು ಡಾಕ್ಟರಮ್ಮ.

ಅವನು ನಲ್ಲಿಯ ಕೆಳಗೆ ಕೈ ಉಜ್ಜುತ್ತಲೇ ಇದ್ದ. ಬೆನ್ನಷ್ಟೇ ಕಾಣುತ್ತಿತ್ತು. ಆಡಿದ ಮಾತು ಹಿಂದಕ್ಕೆ ಬಾರದು. ಇವನು ಒಲ್ಲೆನೆಂದರೆ ಮತ್ತೆ ಅದೇ ಮನೆ, ಅದೇ ಗೋಡೆ.

ಬಂದು ನನ್ನ ಕಾಲ ಬಳಿ ಕುಳಿತ.

"ನನಗ ಅವ್ವ ಇಲ್ಲ," ಎಂದ ಮೆಲ್ಲಗೆ. "ನಮ್ಮ ಮನಿಗೆ ಬರೋವಾಗ ನಿಮ್ಮ ಅತ್ತೀನೂ ಕರ್ಕೊಂಡ ಬರ್ರಿ. ಒಬ್ಬಾಕಿ ಏನು ಮಾಡ್ತಾಳ ಪಾಪ."

ಡಾಕ್ಟರಮ್ಮನ ಸೂಜಿ ಇನ್ನೂ ಮುಟ್ಟಿರಲಿಲ್ಲ. ನಾನು ಆಗಲೇ ಅಳುತ್ತಿದ್ದೆ.