ಪುಟ ತಿರುಗಿಸದೆ ಒಟ್ಟು ಹಾಕಬೇಡಿ

"ನೀವು ಒಂದು ಮಗೂನ ಫೇಲ್ ಮಾಡಿದೀರಿ!"

ಅವಳು ಅವನಿಗೆ ಆಡಿದ ಮೊದಲ ಮಾತು ಇದು.

ಹತ್ತನೇ ತರಗತಿಯ ಮೌಲ್ಯಮಾಪನ ನಡೆಯುತ್ತಿದ್ದ ಹಾಲಿನಲ್ಲಿ ಸುತ್ತಲಿನ ಕೆಂಪು ಪೆನ್ನುಗಳೆಲ್ಲ ಒಂದು ಕ್ಷಣ ನಿಂತವು. ಪಕ್ಕದ ಕುರ್ಚಿಯ ಉದ್ದನೆಯ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದ.

"ಮೂವತ್ತೊಂದು ಸರಿಯಾಗೇ ಇದೆಯಲ್ಲ? ಮೂರು ಸಲ ಕೂಡಿದೀನಿ."

"ಕೂಡಿದ್ದು ಸರಿ. ಕೊನೇ ಪುಟ ತಿರುಗಿಸಿದ್ರಾ?"

ಅವನು ತಿರುಗಿಸಿದ. ನಡುವೆ ಎರಡು ಹಾಳೆ ಖಾಲಿ ಬಿಟ್ಟು, ಕಟ್ಟಕಡೆಯ ಪುಟದಲ್ಲಿ ಯಾವುದೋ ಮಗು ಒಂದು ಲೆಕ್ಕ ಮಾಡಿತ್ತು. ನಾಲ್ಕು ಅಂಕದ್ದು. ಸರಿಯಾಗಿಯೇ ಇತ್ತು.

ಮೂವತ್ತೈದು... ಪಾಸು!

ಅವನ ಮುಖ ಬಿಳಿಚಿತು. "ನೀವು ನೋಡದೇ ಇದ್ದಿದ್ರೆ..." ಎಂದ.

ಬೈಯಬೇಕೆಂದು ಬಾಯಿ ತೆರೆದಿದ್ದ ಅವಳು ಕೆಂಪು ಪೆನ್ನನ್ನು ಅವನ ಕಡೆ ಸರಿಸಿದಳು. ತಪ್ಪಿಗೆ ಇಷ್ಟು ಹೆದರುವ ಮನುಷ್ಯನನ್ನು ಅವಳು ನೋಡಿಯೇ ಇರಲಿಲ್ಲ.

ಒಬ್ಬರು ತಿದ್ದಿದ್ದನ್ನು ಪಕ್ಕದವರು ಮತ್ತೆ ಕೂಡಿ ಸಹಿ ಹಾಕಬೇಕು ಎಂಬುದು ಆ ಹಾಲಿನ ನಿಯಮ. ರಾಜ್ಯದ ಮೂಲೆಮೂಲೆಯಿಂದ ಬಂದ ಉತ್ತರ ಪತ್ರಿಕೆಗಳ ಮೇಲೆ ಮಗುವಿನ ಹೆಸರಿಲ್ಲ, ಶಾಲೆಯ ಹೆಸರೂ ಇಲ್ಲ. ಬರೀ ಒಂದು ಸಂಖ್ಯೆ. ಸರ್ಕಾರಿ ಶಾಲೆಯ ಮಗುವೋ ಖಾಸಗಿ ಶಾಲೆಯದ್ದೋ ಯಾರಿಗೂ ತಿಳಿಯದು.

ಆದರೆ ತಿದ್ದುವವರಿಗೆ ಹಾಗಲ್ಲ ನೋಡಿ! ಅವಳು ಸರ್ಕಾರಿ ಪ್ರೌಢಶಾಲೆಯ ಗಣಿತದ ಟೀಚರ್. ಯಾವುದನ್ನೂ ಎರಡು ಸಲ ನೋಡದೆ ಬಿಡುವುದಿಲ್ಲವೆಂದು ಮಕ್ಕಳು ಇಟ್ಟ ಹೆಸರು 'ಎರಡ್ಸಲ ಟೀಚರ್'. ಅವನು ಅದೇ ಊರಿನ ಖಾಸಗಿ ಪ್ರೌಢಶಾಲೆಯವನು. ಅದರ ಗೇಟಿನ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಎಂದು ಆಳೆತ್ತರದ ಬೋರ್ಡಿದೆ.

ಹತ್ತು ದಿನ ಅಕ್ಕಪಕ್ಕ ಕೂತರು. ಅವಳು ಹಾಕಿದ ಒಟ್ಟು ಅಂಕಕ್ಕೆ ಅವನ ಸಹಿ, ಅವನು ಹಾಕಿದ್ದಕ್ಕೆ ಅವಳ ಸಹಿ.

"ಏನೇ, ಈ ವರ್ಷ ಪೇಪರ್ ತಿದ್ದಿ ಬಂದ್ರೂ ಮುಖ ಗಂಟಿಕ್ಕಿಲ್ಲ?" ಎಂದು ಅಮ್ಮ ಕೆಣಕಿದಳು. "ವಯಸ್ಸು ಮೂವತ್ತೆರಡಾಯ್ತು. ಕೆಂಪು ಇಂಕು ಬಿಟ್ರೆ ನಿನ್ನ ಬಾಳಲ್ಲಿ ಬೇರೆ ಬಣ್ಣಾನೇ ಇಲ್ಲ ಅಂದ್ಕೊಂಡಿದ್ದೆ!"

"ಸುಮ್ನಿರಮ್ಮ..." ಎಂದಳು. ಕೆನ್ನೆ ಮಾತ್ರ ಸುಮ್ಮನಿರಲಿಲ್ಲ.

ಕೊನೆಯ ದಿನ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

"ಮುಂದಿನ ವರ್ಷ ಹತ್ತನೇ ಕ್ಲಾಸಲ್ಲಿ ಅರ್ಧ ಮಕ್ಕಳಾದ್ರೂ ಪಾಸಾಗದಿದ್ರೆ ನಮ್ಮ ಶಾಲೆ ಮುಚ್ತಾರೆ. ಆದೇಶ ಬಂದಿದೆ. ಇನ್ನೊಂದು ಸರ್ಕಾರಿ ಶಾಲೆ ಇರೋದು ಎಂಟು ಕಿಲೋಮೀಟರ್ ದೂರದಲ್ಲಿ. ನಮ್ಮ ಹೆಣ್ಣುಮಕ್ಕಳನ್ನ ಅಷ್ಟು ದೂರ ಯಾರೂ ಕಳಿಸಲ್ಲ."

"ಮುಚ್ಚಲ್ಲ. ನೀವಿದೀರಲ್ಲ" ಎಂದ.

ಆ ಒಂದು ಮಾತನ್ನು ಅವಳು ರಜೆಯುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳು.

ಶಾಲೆ ತೆರೆದ ವಾರವೇ ಒಂಬತ್ತು ಮಕ್ಕಳು ಬಂದು ಆಫೀಸಿನ ಮುಂದೆ ಸಾಲಾಗಿ ನಿಂತರು. ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದವರು. ಖಾಸಗಿ ಶಾಲೆ ಅವರ ಕೈಗೆ ಟಿ.ಸಿ. ಕೊಟ್ಟು ಕಳಿಸಿತ್ತು. ಕೆಳಗೆ ತರಗತಿ ಶಿಕ್ಷಕರ ಸಹಿ. ಹತ್ತು ದಿನ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿದ್ದ ಅದೇ ಸಹಿ! ಒಂಬತ್ತರಲ್ಲೂ!

ಅವಳು ಟಿ.ಸಿ.ಗಳನ್ನು ಗುಮಾಸ್ತೆ ಅಕ್ಕನ ಮೇಜಿನ ಮೇಲೆ ಹಾಕಿದಳು. ಅಕ್ಕ ತೂತು ಹೊಡೆದು ಫೈಲಿಗೆ ಪೋಣಿಸಿದಳು.

'ನನ್ನ ಗುಟ್ಟು ಗೊತ್ತಿದ್ದೂ...'

ಸಂಜೆ ಅವನ ಶಾಲೆಯ ಗೇಟಿನ ಮುಂದೆ ನಿಂತಳು.

"ನಿಮ್ಮ ಬೋರ್ಡು ಉಳೀಬೇಕು ಅಂತ ನನ್ನ ಶಾಲೆ ಮುಳುಗಿಸ್ತೀರಾ?"

"ಟೀಚರ್, ನಾನು ಅದರಲ್ಲಿ..."

"ಆ ಸಹಿ ನಿಮ್ಮದಾ, ಅಲ್ವಾ? ಅಷ್ಟು ಹೇಳಿ ಸಾಕು."

ಅವನು ತಲೆ ತಗ್ಗಿಸಿದ. "ನನ್ನದೇ."

"ಇನ್ಮೇಲೆ ನನಗೆ ಮುಖ ತೋರಿಸಬೇಡಿ!"

ಮನೆಗೆ ಬಂದು ಅವನ ನಂಬರ್ ಬ್ಲಾಕ್ ಮಾಡಿದಳು. ಅಮ್ಮ ತಟ್ಟೆ ಹಾಕಿ ಪಕ್ಕದಲ್ಲಿ ಕೂತಳು, ಅಷ್ಟೇ.

ಹಳಬರು ಹದಿನೇಳು, ಹೊಸಬರು ಒಂಬತ್ತು. ಒಟ್ಟು ಇಪ್ಪತ್ತಾರು. ಹದಿಮೂರು ಮಕ್ಕಳಾದರೂ ಪಾಸಾಗಲೇಬೇಕು. ಅವಳು ಗಂಟಲು ಹರಿಯುವಂತೆ ಕಲಿಸಿದಳು. ಹೊಸಬರು ಮಾತ್ರ ಬೋರ್ಡು ನೋಡಿ, ನೆಲ ನೋಡಿ, ಸುಮ್ಮನೆ ಕೂರುತ್ತಿದ್ದರು.

ನವೆಂಬರಿನಲ್ಲಿ ಪರೀಕ್ಷೆಯ ಅರ್ಜಿ ತುಂಬಲು ಜನ್ಮದಿನಾಂಕ ಬೇಕಾಯಿತು. ಫೈಲು ಹುಡುಕುತ್ತಿದ್ದ ಗುಮಾಸ್ತೆ ಅಕ್ಕ ಕರೆದಳು.

"ಟೀಚರ್, ಇಲ್ಲಿ ನೋಡಿ. ಟಿ.ಸಿ. ಹಿಂದೆ ಯಾರೋ ಪೆನ್ಸಿಲಲ್ಲಿ ಏನೇನೋ ಗೀಚಿದಾರೆ. ಅಳಿಸಿಬಿಡ್ಲಾ?"

ಅವಳು ತಿರುಗಿಸಿ ಓದಿದಳು.

'ಇವಳಿಗೆ ಭಿನ್ನರಾಶಿ ಬರುವುದಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆ. ಬೋರ್ಡಿಗೆ ಕರೆಯಬೇಡಿ, ಪಕ್ಕದಲ್ಲಿ ಕೂತು ಕೇಳಿ.'

'ಇವನು ಮನಸ್ಸಿನಲ್ಲಿ ಸರಿಯಾಗಿ ಮಾಡುತ್ತಾನೆ, ಬರೆಯುವಾಗ ತಪ್ಪುತ್ತಾನೆ. ಕಣ್ಣು ಪರೀಕ್ಷೆ ಮಾಡಿಸಿ ಎಂದು ಮನೆಯಲ್ಲಿ ಹೇಳಿದ್ದೇನೆ, ಮಾಡಿಸಿಲ್ಲ.'

ಒಂದೊಂದರ ಹಿಂದೆಯೂ ಒಂದೊಂದು ಮಗು! ಒಂಬತ್ತನೆಯದರ ಕೆಳಗೆ ಇನ್ನೂ ನಾಲ್ಕು ಸಾಲು.

'ಇವರನ್ನು ತೆಗೆಯುವುದು ಆಡಳಿತ ಮಂಡಳಿಯ ತೀರ್ಮಾನ. ತಡೆಯಲಾಗಲಿಲ್ಲ. ದೂರ ಕಳಿಸಿದರೆ ಓದು ಬಿಡುತ್ತಾರೆ, ಅದಕ್ಕೇ ನಿಮ್ಮ ಶಾಲೆಗೆ ಸೇರಿಸಿ ಎಂದು ಮನೆಮನೆಗೆ ಹೋಗಿ ಹೇಳಿದೆ. ನಿಮಗೆ ಕಷ್ಟ ಕೊಡುತ್ತಿದ್ದೇನೆ ಎಂದು ಗೊತ್ತು. ಭಾನುವಾರ ನನಗೆ ಬಿಡುವು, ಕರೆದರೆ ಬರುತ್ತೇನೆ.'

ಅವಳು ಒಂಬತ್ತನ್ನೂ ಮತ್ತೊಮ್ಮೆ ಓದಿದಳು. ಕೊನೆಯ ಪುಟ ತಿರುಗಿಸಿ ಎಂದು ಊರಿಗೆಲ್ಲ ಹೇಳುವವಳು... ಐದು ತಿಂಗಳು ಇದನ್ನು ತಿರುಗಿಸಿಯೇ ನೋಡಿರಲಿಲ್ಲ!

ಮರುದಿನ ಅದೇ ಗೇಟಿನ ಮುಂದೆ ನಿಂತಳು.

"ನಾನು ಓದಿರಲಿಲ್ಲ. ನಿನ್ನೆ ಓದಿದೆ."

ಅವನು ಬೆಚ್ಚಿದ. "ನಿನ್ನೆನಾ?! ಓದಿಯೂ ಕರೀಲಿಲ್ಲ ಅಂದ್ಕೊಂಡಿದ್ದೆ. ಪ್ರತಿ ಭಾನುವಾರ ರೆಡಿಯಾಗಿ ಕೂತಿರ್ತಿದ್ದೆ."

"ತಪ್ಪಾಯ್ತು ಮೇಷ್ಟ್ರೇ..."

"ನೀವು ಬೈದಿದ್ದು ತಪ್ಪಲ್ಲ ಟೀಚರ್. ಸಹಿ ನನ್ನದೇ. ಆಗಲ್ಲ ಅನ್ನೋ ಧೈರ್ಯ ಅವತ್ತು ಬರಲಿಲ್ಲ. ಪೆನ್ಸಿಲ್ ಹಿಡಿಯೋಷ್ಟೇ ಬಂತು."

"ಈ ಭಾನುವಾರ ಹತ್ತು ಗಂಟೆಗೆ ಬನ್ನಿ" ಎಂದಳು.

ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಅವಳು ಬೀಜಗಣಿತ, ಅವನು ರೇಖಾಗಣಿತ. ಇಬ್ಬರೂ ಬೆಂಚಿನ ಮೇಲೆ ಮಕ್ಕಳ ಪಕ್ಕದಲ್ಲೇ ಕೂತು ಕಲಿಸಿದರು. ಒಬ್ಬ ಹುಡುಗನ ಮೂಗಿನ ಮೇಲೆ ಹೊಸ ಕನ್ನಡಕ ಬಂತು. ಇಬ್ಬರ ನಡುವೆ ಲೆಕ್ಕದ ಮಾತು ಬಿಟ್ಟು ಬೇರೆ ಮಾತು ಬರಲಿಲ್ಲ.

ಫಲಿತಾಂಶದ ದಿನ ಅವನು ಬಂದಾಗ ಅವಳು ಖಾಲಿ ತರಗತಿಯಲ್ಲಿ ಒಬ್ಬಳೇ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಎಷ್ಟು?" ಬಾಗಿಲಲ್ಲೇ ನಿಂತು ಕೇಳಿದ.

"ಹದಿನೆಂಟು."

"ಶಾಲೆ ಉಳೀತು!"

"ಉಳೀತು... ನಿಮ್ಮ ಒಂಬತ್ತರಲ್ಲಿ ಏಳು. ಇನ್ನಿಬ್ರು ಬೆಳಗ್ಗಿಂದ ಅಳ್ತಿದ್ರು, ಈಗ ಮನೆಗೆ ಬಿಟ್ಟು ಬಂದೆ. ಮರುಪರೀಕ್ಷೆಗೆ ಇವತ್ತೇ ಅರ್ಜಿ ಹಾಕಿದೀನಿ."

"ನಾಳೆಯಿಂದಲೇ ಕೂರಿಸೋಣ. ಈಗ ನನಗೆ ದಿನಾ ಬಿಡುವು."

"ಅಂದ್ರೆ?"

"ಈ ವರ್ಷ ಐದು ಟಿ.ಸಿ.ಗೆ ಸಹಿ ಕೇಳಿದ್ರು. ಆಗಲ್ಲ ಅಂದೆ. ಕೆಲಸದಿಂದ ತೆಗೆದ್ರು."

ಅವಳು ಫಲಿತಾಂಶದ ಹಾಳೆಯನ್ನು ಅವನ ಮುಂದೆ ತಳ್ಳಿದಳು.

"ಕೂಡಿ ನೋಡಿ."

ಅವನು ಬೆರಳಿಟ್ಟು ಎಣಿಸಿದ. "ಹದಿನೆಂಟು. ಸರಿ ಇದೆ."

"ಪುಟ ತಿರುಗಿಸದೆ ಒಟ್ಟು ಹಾಕ್ತೀರಾ ಮೇಷ್ಟ್ರೇ?"

ಅವನು ತಿರುಗಿಸಿದ. ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರ.

'ಇವಳಿಗೆ ಲೆಕ್ಕ ಬರುತ್ತದೆ. ಮನುಷ್ಯರನ್ನು ಓದುವುದರಲ್ಲಿ ಎಡವುತ್ತಾಳೆ. ಇಷ್ಟವಾದರೂ ಹೇಳಲು ನಾಚಿಕೆ. ಪಕ್ಕದಲ್ಲಿ ಕೂತು ಕೇಳಿ.'

ಅವನ ಕನ್ನಡಕ ಮಂಜಾಯಿತು. ಮೆಲ್ಲನೆ ಬಂದು ಅವಳ ಬೆಂಚಿನಲ್ಲೇ ಪಕ್ಕದಲ್ಲಿ ಕೂತ.

"ಕೂತಿದೀನಿ. ಕೇಳ್ಲಾ?"

ಅವಳು ಮುಖ ಮುಚ್ಚಿಕೊಂಡು ತಲೆಯಾಡಿಸಿದಳು.

"ನಾನು ನಿಮಗೆ ಇಷ್ಟಾನಾ?"

"ಹ್ಞೂಂ..."

"ಎರಡ್ಸಲ ಟೀಚರ್ ಒಂದೇ ಸಲ ಹೇಳಿದ್ರೆ ಹೇಗೆ?"

ಅವಳು ಅಳುತ್ತಲೇ ನಕ್ಕಳು. "ಹ್ಞೂಂ ಅಂದೆನಲ್ಲ!"

ಅವನು ಅವಳ ಕೆಂಪು ಪೆನ್ನು ತೆಗೆದುಕೊಂಡು ಆ ಪೆನ್ಸಿಲ್ ಸಾಲುಗಳ ಕೆಳಗೆ ಸಹಿ ಹಾಕಿದ.

"ಪೆನ್ನಲ್ಲಿ ಹಾಕಿಬಿಟ್ರಲ್ಲ... ಅಳಿಸೋಕಾಗಲ್ಲ."

"ಗೊತ್ತು" ಎಂದ ಅವನು.