ಎರ್ರಮ್ಮನ ಡಾಲರ್ ಲಕ್ಷ್ಮಿ

"ಉಜ್ಜಿಬುಟ್ಟೆಯಲ್ಲೇ! ನಮ್ಮನೆ ಲಕ್ಷ್ಮೀನ ಹುಣಸೇಹಣ್ಣು ಹಾಕಿ ಉಜ್ಜಿ ಹಾಳು ಮಾಡ್ಬುಟ್ಟೆಯಲ್ಲೇ!"

ಎರ್ರಮ್ಮನ ಕೂಗಿಗೆ ಹಿಂದೂಪುರದ ಆ ಹುಣಸೆ ವ್ಯಾಪಾರಿಗಳ ಮನೆಯೇ ನಡುಗಿತು. ದೇವರಕೋಣೆಯ ಬಾಗಿಲಲ್ಲಿ ಸೊಸೆ ಸ್ನೇಹಲತಾ ಕಣ್ತುಂಬಿಕೊಂಡು ನಿಂತಿದ್ದಳು. ಅತ್ತೆಯ ಅಂಗೈಯಲ್ಲಿ ಥಳಥಳಿಸುತ್ತಿದ್ದುದು ಅಮೆರಿಕದ ಹಳೇ ಬೆಳ್ಳಿ ಡಾಲರು. ಎರ್ರಮ್ಮನ ಮಾವನ ತಂದೆ ಕಡಲೆಕಾಯಿ ವ್ಯಾಪಾರಕ್ಕೆ ಮದರಾಸಿಗೆ ಹೋದಾಗ ತಂದದ್ದಂತೆ. ಅದರ ಮೇಲಿದ್ದ ಹೆಣ್ಣಿನ ಮುಖವನ್ನು ಲಕ್ಷ್ಮಿಯೆಂದೂ ಹಿಂಬದಿಯ ಹದ್ದನ್ನು ಗರುಡನೆಂದೂ ನಂಬಿ ಮನೆತನವೇ ಅರಿಸಿನ ಕುಂಕುಮ ಏರಿಸುತ್ತ ಬಂದಿತ್ತು. ಪಾಪ, ಆ ಅಮೆರಿಕದಮ್ಮನೂ ತುಟಿ ಬಿಚ್ಚದೆ ಪೂಜೆ ಮಾಡಿಸಿಕೊಂಡಿದ್ದಳು!

ಮೊಣಕಾಲಿನ ಆಪರೇಷನ್ ಆಗಿ ಎರ್ರಮ್ಮ ಮಲಗಿದ್ದ ತಿಂಗಳುಗಳಲ್ಲಿ ನಾಣ್ಯ ಕಪ್ಪಿಟ್ಟಿತ್ತು. ಅತ್ತೆ ಎದ್ದು ಓಡಾಡುವ ಹೊತ್ತಿಗೆ ಖುಷಿಪಡಲಿ ಎಂದು ಸ್ನೇಹಲತಾ ಅದನ್ನು ಬೆಳಗಿಟ್ಟಳು. ಗ್ರಹಚಾರ ನೋಡಿ, ಅದೇ ಹೊತ್ತಿಗೆ ಎರ್ರಮ್ಮನ ಫೋನಿಗೊಂದು ವಿಡಿಯೋ ಬಂತು. ಇಂಥ ಡಾಲರಿಗೆ ಲಕ್ಷಗಟ್ಟಲೆ ಬೆಲೆ, ಆದರೆ ತಿಕ್ಕಿ ತೊಳೆದಿದ್ದರೆ ಕೆಟ್ಟಿತು!

"ಕಲ್ಯಾಣದುರ್ಗದಾಗೆ ಹಳೇ ನಾಣ್ಯ ನೋಡೋ ಭಾನುಪ್ರಕಾಶ್ ಅವ್ರೆ. ನಾಳೆ ಹೋಗಾನ. ಬೆಲೆ ಬಿದ್ದಿದ್ರೆ ನೀನು ಅಲ್ಲೇ ನಿಮ್ಮಮ್ಮನ ಮನೇಲಿ ಇದ್ಬುಡು, ತಿರುಗಿ ಬರಬ್ಯಾಡ. ಬಟ್ಟೆ ತುಂಬ್ಕೋ!"

"ಅಮ್ಮಾ, ಒಂದು ಬಿಲ್ಲೆಗೋಸ್ಕರ..." ಎಂದ ಮಗ ಬಸವೇಶ್.

"ನೀನು ಬಾಯಿ ಮುಚ್ಚು ಕಣ್ಲಾ!"

ಬಸ್ಸಿನಲ್ಲಿ ಸ್ನೇಹಲತಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಒಳಗೊಳಗೇ ಅತ್ತಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ತವರಿನ ಹೊಸ್ತಿಲಲ್ಲಿ ನಿಂತು ಏನೆಂದು ಹೇಳುವುದು? ನಾಣ್ಯ ಬೆಳಗಿದ್ದಕ್ಕೆ ಕಳಿಸಿಬಿಟ್ಟರು ಎಂದೇ?...

ಭಾನುಪ್ರಕಾಶ್ ನಾಣ್ಯವನ್ನು ತಕ್ಕಡಿಗಿಟ್ಟರು, ಭೂತಗನ್ನಡಿ ಹಿಡಿದು ಎರಡೂ ಬದಿ ನೋಡಿದರು.

"ನಕಲಿ ಅಲ್ಲಮ್ಮಾ, ಅಸಲಿ ಬೆಳ್ಳಿ. ಹದ್ದಿನ ಬಾಲದ ಕೆಳಗೆ ನೋಡಿ, ಎರಡು 'ಸಿ' ಅಕ್ಷರ. ಯಾವ ಟಂಕಸಾಲೇಲಿ ಅಚ್ಚಾಯ್ತು ಅನ್ನೋ ಗುರುತು. ಇದು ಅಪರೂಪದ್ದು! ಹೊಸದರಂಗೇ ಇದ್ದಿದ್ರೆ ಲಕ್ಷಗಟ್ಟಲೆ ಬರೋದು. ಆದ್ರೆ..."

ಅತ್ತೆ, ಸೊಸೆ, ಜೊತೆಗೆ ಬಂದಿದ್ದ ಬಸವೇಶ್, ಮೂವರೂ ಮೇಜಿನತ್ತ ಬಗ್ಗಿದರು.

"ಉಜ್ಜಿ ಉಜ್ಜಿ ಕೂದಲಿನ ಎಳೆಯೆಲ್ಲ ಸವೆದೋಗೈತೆ. ಪಾಪಂ, ಕೆನ್ನೇನೂ ಚಪ್ಪಟೆ. ತೂಕಾನೂ ಇಳಿದೈತೆ. ಈಗ ಬೆಳ್ಳಿ ಬೆಲೆ ಮೇಲೆ ಒಂದಿಷ್ಟು ಸಿಗ್ತದೆ, ಅಷ್ಟೇ. ಇದು ಒಂದು ದಿನದ ಕೆಲಸ ಅಲ್ಲ. ವರ್ಷಾನುಗಟ್ಟಲೆ ವಾರವಾರ ತಿಕ್ಕಿರೋದು ಯಾರಮ್ಮಾ? ವಿಭೂತಿ ಬೇರೆ ಹಾಕವ್ರೆ, ಅಕ್ಷರದ ಸಂದೀಲಿ ಇನ್ನೂ ಐತೆ!"

ಎರ್ರಮ್ಮನ ಮುಖ ಬಿಳಿಚಿತು. ಶುಕ್ರವಾರ ತಪ್ಪದೆ ಹುಣಸೇಹಣ್ಣಿಗೆ ವಿಭೂತಿ ಬೆರೆಸಿ ತಿಕ್ಕುತ್ತಿದ್ದವಳು ಆಕೆಯೇ! ಹೆತ್ತ ಮಗನೆದುರು, ಪರರೆದುರು ಅತ್ತೆಯ ತಲೆ ತಗ್ಗಿದ್ದನ್ನು ಸ್ನೇಹಲತಾ ನೋಡಲಾರದೆ ಹೋದಳು.

"ನಾನೇ ಉಜ್ಜಿದ್ದು ಸಾರ್..."

ಭಾನುಪ್ರಕಾಶ್ ನಕ್ಕುಬಿಟ್ಟರು. "ನೀನು ಹುಟ್ಟೋಕೆ ಮುಂಚಿನ ಸವೆತ ಕಣಮ್ಮ ಇದು!"

ಎರ್ರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಸುಳ್ಳು ಹೇಳ್ತಾವ್ಳೆ ಸಾರ್! ನಾನೇ... ಈ ಮನೆಗೆ ಬಂದಾಗಿಂದ ನಾನೇ! ನಾನು ಉಜ್ಜಿದ್ರೆ ಸೇವೆ, ಇವ್ಳು ಒಂದ್ಸಲ ಉಜ್ಜಿದ್ರೆ ತಪ್ಪು ಅಂದ್ಕೊಂಬುಟ್ಟೆ... ನಿನ್ನ ಕಣ್ಣಾಗೆ ನೀರು ಹಾಕಿಸ್ಬುಟ್ಟೆನಲ್ಲೇ ತಾಯೀ!"

ಸೊಸೆಯನ್ನು ಬಾಚಿ ತಬ್ಬಿಕೊಂಡು ಆಕೆ ಗಳಗಳನೆ ಅತ್ತಳು. ಅಳುತ್ತಳುತ್ತಲೇ ಬಟ್ಟೆಯ ಬ್ಯಾಗನ್ನು ಕಿತ್ತು ಮಗನ ಕೈಗೆ ತುರುಕಿದಳು. ಬಸವೇಶನಿಗೆ ನಗು ತಡೆಯಲಾಗಲಿಲ್ಲ.

ಸೊಸೆಯ ತವರಿಗೂ ಹೋದರು. ಆದರೆ ಬಿಟ್ಟುಬರಲು ಅಲ್ಲ, ಹೋಳಿಗೆ ಉಣ್ಣಲು. "ಇಷ್ಟು ದೊಡ್ಡ ಬ್ಯಾಗ್ ಯಾಕಮ್ಮಾ?" ಎಂದು ಬೀಗಿತ್ತಿ ಕೇಳಿದಾಗ ಎರ್ರಮ್ಮ ಕಣ್ಣು ಮಿಟುಕಿಸದೆ ಹೇಳಿದಳು: "ನೀವು ಕೊಡೋ ಹೊಸ ಸೀರೆ ಇಟ್ಕೊಳ್ಳಾಕೆ!" ಅಂದು ಸಂಜೆಯ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತು ಹಿಂದೂಪುರ ಸೇರಿದರು.

ಡಾಲರನ್ನು ಮಾರುವ ಮಾತು ಮತ್ತೆ ಬರಲಿಲ್ಲ. ಶುಕ್ರವಾರ ಬೆಳಗ್ಗೆ ದೇವರಕೋಣೆಯಿಂದ ಕರೆ ಬಂತು. ಎರ್ರಮ್ಮ ನೆನೆಸಿದ ಹುಣಸೇಹಣ್ಣಿನ ಉಂಡೆಯನ್ನು ಸೊಸೆಯ ಕೈಗಿಟ್ಟು, ನಾಣ್ಯವನ್ನು ಮುಂದೆ ಸರಿಸಿದಳು.

"ಬೆಲೆಯಂತೂ ಹೋಯ್ತು, ಇನ್ನೇನು ಭಯ? ಇವತ್ತಿಂದ ನೀನೇ ಉಜ್ಜು. ಮೆತ್ತಗೆ ಉಜ್ಜು ಕಣೇ... ಅಮ್ಮನ ಕೆನ್ನೆ ನೋಯ್ತದೆ."

ಸ್ನೇಹಲತಾ ನಗುತ್ತ ಬಳೆಗಳನ್ನು ಮೇಲೇರಿಸಿಕೊಂಡಳು.